ಹೊಲಿಗೆ ಹೊರಗೆ

“ಬಿಡೇ, ತಿರುಗಿಸ್ತೀನಿ. ಕೊನೆಗಾದ್ರೂ ಬಟ್ಟೆ ನೆಟ್ಟಗೆ ಹಾಕೋಣ,” ಎಂದು ಸೋದರತ್ತೆ ಒಳಲಂಗ ಎಳೆದಳು. ಇನ್ನೊಂದು ತುದಿಯನ್ನು ಮಗಳು ಬಿಡಲಿಲ್ಲ.

“ಅಮ್ಮ ಹಾಕ್ತಿದ್ದದ್ದೇ ಹಾಗೆ, ಅತ್ತೆ.”

“ಗೊತ್ತಮ್ಮಾ. ಊರಿಗೆಲ್ಲ ಸರಿಯಾಗಿ ಹೊಲಿದುಕೊಟ್ಟು ತಾನು ಮಾತ್ರ ಉಲ್ಟಾ. ಬುದ್ಧಿನೂ ಹಾಗೇ. ಇಪ್ಪತ್ತು ವರ್ಷ ನನ್ನಣ್ಣನ್ನ ಹತ್ತಿರ ಸೇರಿಸಲಿಲ್ಲ.”

ತೊಳೆದ ದೇಹ ಮಂಚದ ಮೇಲಿತ್ತು. ನಿನ್ನೆ ಎದೆ ಹಿಡಿದುಕೊಂಡು ಹೊಲಿಗೆ ಯಂತ್ರದ ಮೇಲೇ ಕುಸಿದವಳು. ಅತ್ತೆ ಕುರ್ಚಿ ತಳ್ಳಿದಳು.

“ಕೂತ್ಕೋ. ಬೆಳಗಿನಿಂದ ನಿಂತೇ ಇದ್ದೀಯ.”

“ಬೇಡ.”

*

ಅಮ್ಮನಿಗೆ ಯೋನಿಯ ತುಟಿಗಳ ಮೇಲೆ, ತೊಡೆಸಂದಿಯಲ್ಲಿ ಗುಳ್ಳೆ ಎದ್ದು ಒಡೆದು ಉರಿಯುತ್ತಿತ್ತು. ಬಟ್ಟೆಯ ಹೊಲಿಗೆ ತಾಗಿದರೂ ಪ್ರಾಣ ಹೋಗುತ್ತಿತ್ತು. ಡಾಕ್ಟರುಗಳು ನೋಡದೆಯೇ ಹುಳಕಡ್ಡಿ ಮುಲಾಮು ಬರೆದುಕೊಟ್ಟರು. ಒಬ್ಬ, “ಗಂಡನ್ನ ಕೇಳಿ,” ಎಂದ. ಅವಳು ಕೇಳಲಿಲ್ಲ, ಗಂಡನೇ ಎಲ್ಲಿಂದಲೋ ತಂದು ಹಚ್ಚಿದ್ದೆಂದು ತೀರ್ಮಾನಿಸಿಬಿಟ್ಟಳು. ಅವತ್ತಿನಿಂದ ಹಾಸಿಗೆ ಬೇರೆ.

ಕಡೆಗೆ ಒಬ್ಬ ಚರ್ಮದ ಡಾಕ್ಟರಮ್ಮ ದೀಪ ಹಿಡಿದು ನೋಡಿ, ಕಾಳಿನಷ್ಟು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದಳು.

“ಅಂಟುರೋಗ ಅಲ್ಲ. ನಿಮ್ಮ ಕಸುಬಿನ ಮಾತಲ್ಲೇ ಹೇಳ್ತೀನಿ, ಚರ್ಮದ ಹೊಲಿಗೆ ಹುಟ್ಟಿನಿಂದಲೇ ಸಡಿಲ. ಉಜ್ಜಿದರೆ, ಬೆವರಿದರೆ ಬಿಟ್ಟುಕೊಳ್ಳುತ್ತೆ. ಪೂರ್ತಿ ಹೋಗಲ್ಲ, ಔಷಧದಲ್ಲಿ ಹತೋಟಿಗೆ ಬರುತ್ತೆ. ಮನೇಲಿ ಇನ್ಯಾರಿಗಿತ್ತು?”

ಅವಳ ತಂದೆಗಿತ್ತು. ಕಂಕುಳು ಉರಿ ಎಂದು ಸದಾ ತೋಳು ಅಗಲಿಸಿ ನಡೆಯುತ್ತಿದ್ದವನನ್ನು ಜನ ಹುಂಜ ಎನ್ನುತ್ತಿದ್ದರು. ಅವಳೂ ನಕ್ಕಿದ್ದಳು.

ವಾಪಸ್ ದಾರಿಯಲ್ಲಿ, ಜೊತೆಗೆ ಬಂದಿದ್ದ ಮಗಳ ಕೈ ಹಿಡಿದಳು. “ನಿಮ್ಮಪ್ಪನಿಗೆ ಹೇಳಬೇಡ. ಇಷ್ಟು ವರ್ಷ ಬೈದ ಬಾಯಲ್ಲಿ ಏನಂತ ಹೇಳಲಿ?”

*

ಅಪ್ಪ ಹೊದಿಸುವ ಬಟ್ಟೆ ಹಿಡಿದು ಒಳಗೆ ಬಂದ. ನೆಲ ಒದ್ದೆಯೆಂದು ಮಗಳು ಸೀರೆ ಎತ್ತಿ ಸಿಕ್ಕಿಸಿದ್ದಳು. ಕೆಳಗೆ ಅವಳ ಒಳಲಂಗದ ಅಂಚು ಕಾಣುತ್ತಿತ್ತು. ಹೊಲಿಗೆ ಹೊರಗೆ.

“ನಿನಗೂನಾ?”

ಅವಳು ಸೆರಗು ಕಚ್ಚಿಕೊಂಡಳು.

“ಎಲ್ಲಿ ಅವನು? ಕರಿ ನಿನ್ನ ಗಂಡನ್ನ! ಎಲ್ಲಿಂದ ತಂದು ಹಚ್ಚಿದ ಇದನ್ನ?”

ಹೊರಗೆ ಮಾತು ನಿಂತಿತು. ಅವಳ ಗಂಡ ಬಂದು ಬಾಗಿಲಲ್ಲಿ ನಿಂತ. ಆರು ತಿಂಗಳಿಂದ ತನಗೇಕೆ ಬೆನ್ನು ತಿರುಗಿಸಿ ಮಲಗುತ್ತಾಳೆಂದು ಅವನಿಗಿನ್ನೂ ಗೊತ್ತಿರಲಿಲ್ಲ. ಅಮ್ಮನಿಗೆ ಕೊಟ್ಟ ಮಾತು ಉಳಿಸಿಕೊಂಡರೆ ಅಪ್ಪನ ನಂತರ ಇನ್ನು ಇವನ ಸರದಿ.

“ಇವರಲ್ಲಪ್ಪಾ. ನೀವೂ ಅಲ್ಲ. ಹುಂಜ ತಾತನಿಂದ ಬಂದದ್ದು. ಅಮ್ಮನಿಗೆ ಗೊತ್ತಿತ್ತು.”

“ಯಾವಾಗಿಂದ?”

“ಎರಡು ವರ್ಷ.”

ಅಳಿಯ ಒಳಗೆ ಬರಲಿಲ್ಲ, ಹೊರಗೂ ಹೋಗಲಿಲ್ಲ.

ಅಪ್ಪ ಹೆಂಡತಿಯ ಮುಖ ನೋಡಲಿಲ್ಲ. ಅರ್ಧ ತಿರುಗಿದ್ದ ಲಂಗವನ್ನು ತಂಗಿಯ ಕೈಯಿಂದ ಕಿತ್ತುಕೊಂಡು, ಹೊಲಿಗೆಯನ್ನು ಮತ್ತೆ ಹೊರಗೆಳೆಯತೊಡಗಿದ. ಒಂದು ದಾರ ಬೆರಳಿಗೆ ಸುತ್ತಿಕೊಂಡಿತು. ಬಿಡಿಸಿಕೊಳ್ಳದೆ ಎಳೆಯುತ್ತಲೇ ಇದ್ದ, ಬೆರಳು ನೀಲಿಯಾಗುವವರೆಗೆ.