ಎಡಗಡೆಯ ಖಾರ

ಸಿಗಾರ್ ಕಾರ್ಖಾನೆಯ ರುಚಿ ಕೋಣೆಯಲ್ಲಿ ಇಪ್ಪತ್ತೊಂದು ವರ್ಷ ಕೂತವಳು ಅವಳು. ಎರಡು ಸಿಗಾರ್‌ಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಅವಳ ನಾಲಗೆ ಹಿಡಿದುಬಿಡುತ್ತಿತ್ತು. ಹಾಗಾಗಿ ಎಲ್ಲರೂ ಅವಳನ್ನು ತಕ್ಕಡಿ ಅಂತಲೇ ಕರೆಯುತ್ತಿದ್ದರು. ಎದುರು ಮೇಜಿನ ಪರೀಕ್ಷಕ ಅವಳಿಗಿಂತ ಹತ್ತು ವರ್ಷ ದೊಡ್ಡವನು. ಫ್ಯಾನು ಹಾಕಿದರೆ ಚಳಿ, ನಿಲ್ಲಿಸಿದರೆ ಸೆಕೆ ಎನ್ನುವ ಅವನಿಗೆ ಗೊಣಗಣ್ಣ ಎಂಬ ಹೆಸರು ಬಿದ್ದಿತ್ತು.

ಆ ವರ್ಷ ಯಜಮಾನಿ ದುಬಾರಿ ಸಿಗಾರ್ ಒಂದನ್ನು ಹೊರತರಲು ಹೊರಟಿದ್ದಳು. ಗಿಡದ ತುದಿಯಲ್ಲಿ ಬಿಸಿಲು ಕುಡಿದು ದಪ್ಪಗಾದ ಎಲೆಗಳೇ ಅದರ ಜೀವಾಳ. ಮೊದಲ ದಮ್ಮಿಗೆ ಕರಿಮೆಣಸು ಜಗಿದಂತಾಗಬೇಕು, ಅರ್ಧ ಉರಿದ ಮೇಲೆ ಸುಟ್ಟ ಮರದ ಪರಿಮಳ ಬರಬೇಕು. "ಗುಂಡಿಗೆ ಇರೋರು ಸೇದೋ ಮಾಲು ಆಗ್ಬೇಕು ಇದು," ಎಂದಿದ್ದಳು ಯಜಮಾನಿ.

ಪರೀಕ್ಷೆ ಬೆಳಗ್ಗೆ ಹತ್ತು ಗಂಟೆಗೆ. ಹೆಸರಿಲ್ಲದ, ಬರೀ ಸಂಖ್ಯೆ ಅಂಟಿಸಿದ ಸಿಗಾರ್‌ಗಳು ತಟ್ಟೆಯಲ್ಲಿ ಬರುತ್ತಿದ್ದವು. ಹೊಗೆಯನ್ನು ಎದೆಗೆ ಎಳೆಯದೆ ಬಾಯಲ್ಲೇ ಹೊರಳಿಸಿ, ಸ್ವಲ್ಪವನ್ನು ಮೂಗಿನಿಂದ ಬಿಟ್ಟು, ಕಾರ್ಡಿನಲ್ಲಿ ಹತ್ತಕ್ಕೆ ಇಷ್ಟೆಂದು ಬರೆಯಬೇಕು. ಹೊಸ ಮಾಲಿನ ಖಾರಕ್ಕೆ ತಕ್ಕಡಿ ಒಂಬತ್ತು ಬರೆದಳು, ಗೊಣಗಣ್ಣ ಆರು ಬರೆದ. ಯಜಮಾನಿ ತಕ್ಕಡಿಯ ಮಾತಿಗೇ ಬೆಲೆ ಕೊಟ್ಟು, ಒಂಬತ್ತಾದರೆ ಬಾಯೇ ಸುಟ್ಟೀತೆಂದು ತುದಿಯ ಎಲೆ ಕಡಿಮೆ ಮಾಡಿಸಿದಳು. ಮುಂದಿನ ವಾರವೂ ತಕ್ಕಡಿಯದು ಒಂಬತ್ತೇ. ಮತ್ತೆ ಎಲೆ ಕಡಿಮೆಯಾಯಿತು. ಮೂರನೆಯ ಸಲ ಗೊಣಗಣ್ಣ ಸಿಗಾರನ್ನು ಕೆಳಗಿಟ್ಟು, "ಏನಮ್ಮ ಇದು, ಒಣಹುಲ್ಲು ಸೇದಿದ ಹಾಗಿದೆ!" ಎಂದ.

ಆಗಷ್ಟೇ ಅವಳು ಹೊಗೆಯನ್ನು ಮೂಗಿನಿಂದ ಬಿಟ್ಟಿದ್ದಳು. ಮೂಗು ಚುರ್ರೆನ್ನಲಿಲ್ಲ. ಸಿಗಾರ್‌ನಲ್ಲಿ ಖಾರವಿದ್ದರೆ ಮೊದಲು ಕಚ್ಚುವುದೇ ಮೂಗನ್ನು. ಇಷ್ಟು ವರ್ಷ ಹೊಸಬರಿಗೆ ಈ ಪಾಠ ಹೇಳಿಕೊಟ್ಟವಳು ಅವಳೇ. ಇನ್ನೊಂದು ದಮ್ಮು ಎಳೆದು ಹೊಗೆಯನ್ನು ಬಲಗೆನ್ನೆಗೆ ತಳ್ಳಿದಳು. ಮೆತ್ತಗೆ, ಹಿತವಾಗಿ ಇತ್ತು. ಎಡಕ್ಕೆ ತಂದಳು. ನಾಲಗೆಯ ಅಂಚಿಗೆ ಕೆಂಡ ಇಟ್ಟಂತಾಯಿತು. ಬೂದಿ ಕಾರ್ಡಿನ ಮೇಲೆ ಉದುರಿತು. ಈಗ ನಾಲ್ಕು ಎಂದು ಬರೆದರೆ ಯಾಕೆ ಎಂದು ಕೇಳುತ್ತಾರೆ. ಬೂದಿ ಒರೆಸಿ ಒಂಬತ್ತು ಎಂದೇ ಬರೆದಳು.

ಮನೆಗೆ ಬಂದು ಬಚ್ಚಲಮನೆಯ ಚಿಲಕ ಹಾಕಿ ಕನ್ನಡಿಯ ಮುಂದೆ ನಾಲಗೆ ಹೊರಚಾಚಿದಳು. ಎಡ ಅಂಚಿನಲ್ಲಿ, ಹಿಂದಕ್ಕೆ, ಬೇಳೆಯಷ್ಟು ಅಗಲದ ಕೆಂಪು ಮಚ್ಚೆ. ಬೆರಳಿನಿಂದ ಮುಟ್ಟಿದಳು, ಉರಿಯಿತು.

ಅವಳಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವರು ಅವಳಿಗೆ ಕೆಲಸ ಕಲಿಸಿದ ಹಿರಿಯರು. ಅವರಿಗೂ ಕ್ಯಾನ್ಸರ್ ನಾಲಗೆಯಲ್ಲೇ ಶುರುವಾಗಿತ್ತು. ಕೊನೆಯ ವರ್ಷ ಹೆಂಡತಿಯ ಹತ್ತಿರ ಒಂದು ಲೋಟ ನೀರು ಕೇಳಬೇಕಾದರೂ ಸ್ಲೇಟಿನ ಮೇಲೆ ಬರೆಯುತ್ತಿದ್ದರು. ಒಂದೇ ಒಂದು ಸಲ ನೋಡಲು ಹೋಗಿದ್ದ ತಕ್ಕಡಿ, ಆಮೇಲೆ ಆ ಬೀದಿಗೇ ಕಾಲಿಟ್ಟಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಬಸ್ ಡ್ರೈವರ್ ಆಗಿದ್ದ ಗಂಡ ಅವಳನ್ನೇ ನೋಡುತ್ತಿದ್ದ. "ಒಂದೇ ಕಡೆ ಅಗೀತಿದ್ದೀಯಲ್ಲ, ಯಾಕೆ?"

"ಹಲ್ಲುನೋವು."

"ತೋರಿಸ್ಬಾರ್ದಾ?"

"ಹೋದ್ರಾಯ್ತು ಬಿಡಿ."

ಹೋಗಲಿಲ್ಲ. ಎರಡು ಸಲ ಡಾಕ್ಟರಿಗೆ ಫೋನ್ ಮಾಡಿ, ಆ ಕಡೆಯಿಂದ ಹಲೋ ಎಂದ ಕೂಡಲೇ ಇಟ್ಟುಬಿಟ್ಟಳು. ದಿನಕ್ಕೆ ಹತ್ತು ಸಲ ಕನ್ನಡಿ ನೋಡಿದಳು. ಒಮ್ಮೆ ಸಣ್ಣದಾದಂತೆ, ಒಮ್ಮೆ ಹರಡಿದಂತೆ ಕಾಣುತ್ತಿತ್ತು. ಮಗಳು ಫೋನಿನಲ್ಲಿ ನಕ್ಕು ಮಾತಾಡುತ್ತಿದ್ದರೆ, ಇನ್ನೆಷ್ಟು ದಿನ ಇವಳಿಗೆ ನಾನು ತಿರುಗಿ ಮಾತಾಡಿಯೇನು ಎಂದು ಲೆಕ್ಕ ಹಾಕುತ್ತಿದ್ದಳು.

ನಾಲ್ಕನೆಯ ವಾರ ತಟ್ಟೆಯಲ್ಲಿ ಏಳನೇ ಸಂಖ್ಯೆಯ ಸಿಗಾರ್ ಬಂತು. ಅವಳು ಸೇದಿದಳು, ಒಂಬತ್ತು ಎಂದು ಬರೆದಳು. ಗೊಣಗಣ್ಣ ಎದ್ದು ಬಾಗಿಲು ಮುಚ್ಚಿ ಬಂದ.

"ತಕ್ಕಡಿ, ಅದು ಹೊಸ ಮಾಲಲ್ಲ. ನಮ್ಮಲ್ಲಿ ಎಲ್ಲಕ್ಕಿಂತ ಮೆತ್ತಗಿರೋದು. ಹೊಸ ಮಾಲಿನ ಸಂಖ್ಯೆ ಅದಕ್ಕೆ ಅಂಟಿಸಿದ್ದು ನಾನೇ."

"ನನ್ನ ಕೆಲಸಕ್ಕೆ ಕಲ್ಲು ಹಾಕ್ಬೇಕು ಅಂತ ಮಾಡಿದ್ಯಾ?" ಅವಳ ದನಿ ಒಡೆಯಿತು.

"ಬೈಕೋ, ಎಷ್ಟು ಬೇಕಾದ್ರೂ ಬೈಕೋ. ಮೊದ್ಲು ನಾಲಗೆ ತೋರಿಸು."

ಅವಳು ತುಟಿ ಬಿಗಿದಳು. ಅವನು ಕದಲಲಿಲ್ಲ. ಕೊನೆಗೆ ಬಾಯಿ ತೆರೆದಳು. ಮೊಬೈಲಿನ ಬೆಳಕು ಹಿಡಿದು ನೋಡಿದವನು ಕುರ್ಚಿಯಲ್ಲಿ ಕೂತುಬಿಟ್ಟ. ಎಲ್ಲದಕ್ಕೂ ಏನಾದರೊಂದು ಅನ್ನುವ ಮನುಷ್ಯ ಏನನ್ನೂ ಅನ್ನಲಿಲ್ಲ. ಅವಳಿಗೆ ನಿಜವಾಗಿ ಜೀವ ಬಾಯಿಗೆ ಬಂದದ್ದು ಆಗಲೇ.

ಯಜಮಾನಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡಳು. "ಮೂರು ಸಲ ನಿಮ್ಮ ಮಾಲು ಕೆಡಿಸಿದೆ. ಗೊತ್ತಾದ ಮೇಲೂ ಸುಳ್ಳು ಬರೆದೆ."

ಯಜಮಾನಿ ಕಾರ್ಡುಗಳನ್ನು ಪಕ್ಕಕ್ಕೆ ತಳ್ಳಿದಳು. ಕೋಪ ಬಂದಿದ್ದು ಕಾಣುತ್ತಿತ್ತು. "ಅದನ್ನ ಆಮೇಲೆ ಮಾತಾಡೋಣ. ನಾಳೆ ಬೆಳಗ್ಗೆ ನೀನು ಆಸ್ಪತ್ರೇಲಿರ್ಬೇಕು."

ಗಂಡನಿಗೆ ಅಂದೇ ಸಂಜೆ ಹೇಳಿದಳು. ಅವನು ಯೂನಿಫಾರ್ಮಿನ ಗುಂಡಿ ಬಿಚ್ಚುತ್ತಿದ್ದವನು ಅಲ್ಲಿಗೇ ನಿಂತ. "ಹಲ್ಲು ಅಂದಿದ್ದೆ," ಎಂದ. ಮರುದಿನ ರಜೆ ಹಾಕಿ ಜೊತೆಗೆ ಬಂದ.

ಡಾಕ್ಟರು ಮಚ್ಚೆಯನ್ನು ಸುತ್ತಲಿನ ಮಾಂಸದ ಸಮೇತ ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕೆ ಎಂಟು ದಿನ. ಆ ಎಂಟೂ ದಿನ ಅವಳು ತಣ್ಣಗಿನ ಗಂಜಿ ಕುಡಿದು, ಮಾತಾಡಲಾಗದೆ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತೋರಿಸುತ್ತಿದ್ದಳು. ಮೊದಲ ಸಲ 'ನೀರು' ಎಂದು ಬರೆದಾಗ ಪೆನ್ಸಿಲ್ ಕೈಜಾರಿ ಬಿತ್ತು. ಗಂಡ ಅದನ್ನು ಎತ್ತಿಕೊಟ್ಟ.

ಒಂಬತ್ತನೆಯ ದಿನ ಡಾಕ್ಟರು ಕಾಗದ ಓದಿ ಕನ್ನಡಕ ತೆಗೆದರು. "ಕ್ಯಾನ್ಸರ್ ಇನ್ನೂ ಆಗಿಲ್ಲ. ಆದ್ರೆ ಆ ದಾರಿ ಹಿಡಿದಿತ್ತು. ಇನ್ನಾರು ತಿಂಗಳು ಬಿಟ್ಟು ಬಂದಿದ್ರೆ ನಾನು ಬೇರೆ ಮಾತು ಹೇಳ್ಬೇಕಾಗ್ತಿತ್ತು. ಇನ್ನು ಹೊಗೆ ಅನ್ನೋದು ಬಾಯಿಗೆ ಮುಟ್ಟಕೂಡದು."

ಯಜಮಾನಿ ಮೊದಲ ಮಿಶ್ರಣವನ್ನೇ ಒಪ್ಪಿದಳು. ತಕ್ಕಡಿಯನ್ನು ಎಲೆ ವಿಂಗಡಿಸುವ ಕೋಣೆಗೆ ಹಾಕಿದಳು. ಅಲ್ಲಿ ಬೆರಳು ಮತ್ತು ಮೂಗಿಗಷ್ಟೇ ಕೆಲಸ. ಬಾಯಿ ತೋರಿಸಿಕೋ ಎಂದು ಗೊಣಗಣ್ಣನಿಗೆ ಅವಳು ಸಿಕ್ಕಾಗಲೆಲ್ಲ ಹೇಳುತ್ತಿದ್ದಳು. ಅವನು ನಾನು ಕಲ್ಲಿನ ಹಾಗಿದ್ದೀನಿ ಎಂದು ಕೈ ಕೊಡವಿ ಹೋಗುತ್ತಿದ್ದ. ಮೂರು ತಿಂಗಳಾದ ಮೇಲೆ ಒಂದು ದಿನ ಅವನೇ ಬಂದು, "ನಿನ್ನ ತಪಾಸಣೆ ಯಾವತ್ತು? ನಾನೂ ಬರ್ತೀನಿ," ಎಂದ.

ಆಸ್ಪತ್ರೆಯ ಬೆಂಚಿನ ಮೇಲೆ ಅವನು ತನ್ನ ಚೀಟಿಯನ್ನು ಮಡಚುತ್ತ, ಬಿಚ್ಚುತ್ತ ಕೂತಿದ್ದ. ಅವನನ್ನೇ ಮೊದಲು ಕರೆದರು. ಹತ್ತು ನಿಮಿಷಕ್ಕೆ ಹೊರಬಂದು, ಏನೂ ಇಲ್ಲವಂತೆ ಎಂದು ಹೇಳಿ ಬೆಂಚಿನ ಮೇಲೆ ಕುಸಿದು ಕೂತ. ಆಮೇಲೆ ಅವಳ ಸರದಿ. ದೀಪ ಬಾಯಿಯ ಹತ್ತಿರ ಬಂದಾಗ ಕಣ್ಣು ಮುಚ್ಚಿದಳು. ಡಾಕ್ಟರ ಬೆರಳು ನಾಲಗೆಯ ಅಂಚನ್ನು ನಿಧಾನವಾಗಿ ತಡವಿ, ಒಂದು ಕಡೆ ನಿಂತು, ಮುಂದೆ ಸರಿಯಿತು.

"ಸದ್ಯಕ್ಕೆ ಚೆನ್ನಾಗಿದೆ."

"ಸದ್ಯಕ್ಕೆ ಅಂದ್ರೆ?"

"ಮೂರು ತಿಂಗಳಿಗೆ ಮತ್ತೆ ಬನ್ನಿ."

ಅವಳು ತಲೆಯಾಡಿಸಿ, ಮುಂದಿನ ತಾರೀಖು ಬರೆಸಿಕೊಳ್ಳಲು ಕೌಂಟರಿನ ಕಿಟಕಿಯ ಬಳಿ ಸಾಲಿನಲ್ಲಿ ನಿಂತಳು.