ಟವೆಲ್ಲಿನ ಕೆಳಗಿನ ರೇಟು

ಸಾವಿನ ಮನೆಯಲ್ಲಿ ನಡೆದ ವ್ಯಾಪಾರದ ಮಾತನ್ನು ಹೊರಗೆ ತರಬಾರದು. ತರುತ್ತಿರುವುದಕ್ಕೆ ಮೊದಲೇ ಕ್ಷಮೆಯಿರಲಿ. ಜಟ್ಟೆಮ್ಮನ ಕಿವಿಗೆ ಬಿದ್ದರೆ ಅವಳದ್ದೂ ಇರಲಿ.

ಭೀಮು ಮತ್ತು ವಠಾರದ ಇಬ್ಬರು ಸೇರಿ ಪಿನ್‌ಬಾಲ್ ಆಟದ ಯಂತ್ರವನ್ನು ಗೋಡೆಯಿಂದ ಎಳೆಯುತ್ತಿದ್ದರು. ಗರುಡಾಚಾರ್‌ಪಾಳ್ಯದ ಆ ಬಾಡಿಗೆ ಕೋಣೆಯಲ್ಲಿ ಬೆನ್ನು ಕೊಡಲು ಇದ್ದದ್ದು ಅದೊಂದೇ ಗೋಡೆ. ಭೀಮುವಿನ ಅಣ್ಣ ಸಾಯಬಣ್ಣನ ಹೆಣವನ್ನು ಅವರ ಕಡೆಯ ಪದ್ಧತಿಯಂತೆ ಅಲ್ಲಿಗೇ ಒರಗಿಸಿ ಕೂರಿಸಬೇಕಿತ್ತು. ಯಂತ್ರದ ಕಾಲು ನೆಲ ಬಿಟ್ಟಿತು. ಒಳಗೆ ಗುಂಡು ಉರುಳಿತು. ವೈರು ಕಿತ್ತಿಟ್ಟಾಗಿತ್ತು, ಕರೆಂಟಿನ ಮಾತೇ ಇರಲಿಲ್ಲ. ಆದರೂ ಆ ಉಕ್ಕಿನ ಗುಂಡು ಗಾಜಿನಡಿಯ ಇಳಿಜಾರಿನಲ್ಲಿ ಮೊಳೆಯಿಂದ ಮೊಳೆಗೆ ಬಡಿಯುತ್ತ ಇಳಿದು, ಒಳಗಿನ ಪುಟ್ಟ ಗಂಟೆಯೊಂದಕ್ಕೆ ತಾಗಿ, ಕೆಳಗಿನ ತೂತಿಗೆ ಬಿತ್ತು. ಮೂವರೂ ಕೈಬಿಟ್ಟರು.

ಹಿಂದಿನ ಸಂಜೆ ಸಾಯಬಣ್ಣ ಆಡುತ್ತ ಆಡುತ್ತಲೇ ಆ ಗಾಜಿನ ಮೇಲೆ ಬಗ್ಗಿ ಮಲಗಿಬಿಟ್ಟಿದ್ದ. ಅವನ ಹೆಂಡತಿ ಜಟ್ಟೆಮ್ಮ ರೊಟ್ಟಿ ಬಡಿಯುತ್ತ, ಆಟ ಮುಗಿದಾಗ ಗುಂಡು ಬೀಳುವ ಸದ್ದಿಗಾಗಿ ಕಾದಿದ್ದಳು. ಅದು ಬಂದಿರಲಿಲ್ಲ. ಈಗ ಬಂತು.

"ಹೆಣಕ್ಕ ಜಾಗ ಇಲ್ಲ, ಡಬ್ಬಿಗಿ ಅರಮನಿ," ಎಂದ ಭೀಮು, ಹೆದರಿದ್ದು ಕಾಣಬಾರದೆಂದು ಜೋರಾಗಿ. ಓಣಿಯ ಗುಜರಿಯವನಿಗೆ ಫೋನು ಮಾಡಿಯಾಗಿದೆ, ಸಂಜೆ ಬಂದು ತೂಕದ ಲೆಕ್ಕದಲ್ಲಿ ಒಯ್ಯುತ್ತಾನೆ ಎಂದೂ ಹೇಳಿದ. ಆಮೇಲೆ ದನಿ ತಗ್ಗಿಸಿದ.

"ವೈನಿ, ಈ ಡಬ್ಬಿ ಮಾರಿದಾವ ಅಣ್ಣಗ ಟೋಪಿ ಹಾಕ್ಯಾನ. ಮಂದಿಗೆಲ್ಲ ಗೊತ್ತದ. ಇವತ್ತರ ಒಪ್ಪಕೋ."

ಜಟ್ಟೆಮ್ಮ ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ. ಅಲ್ಲಗಳೆಯಲು ಅವಳಿಗೆ ರೇಟು ಗೊತ್ತಿರಬೇಕಿತ್ತು.

*

ಸಾಯಬಣ್ಣ ಮೊದಲು ಬೆಂಗಳೂರಿಗೆ ಬಂದಾಗ ಗಾರೆ ಕೆಲಸ ಮಾಡುತ್ತಿದ್ದ. ದಾರಿಯಲ್ಲಿದ್ದ ಆಟದ ಪಾರ್ಲರಿನ ಗಾಜಿಗೆ ಮೂಗು ಒತ್ತಿ ನಿಂತು ಕಾವಲುಗಾರನಿಂದ ಬೈಸಿಕೊಂಡಿದ್ದ. ಆಮೇಲೆ ಲಿಫ್ಟಿನ ವೈರಿಂಗ್ ಕಲಿತ, ಮದುವೆಯಾದ, ಮಕ್ಕಳಾಗಲಿಲ್ಲ. ಅಂಥದೇ ಪಾರ್ಲರೊಂದು ಮುಚ್ಚಿ ಅದರ ಸಾಮಾನು ಶಿವಾಜಿನಗರದ ಅಕ್ತರನ ಗುಜರಿ ಅಂಗಡಿಗೆ ಬಂದಾಗ, ಜಟ್ಟೆಮ್ಮ ತಾಯಿ ಕೊಟ್ಟ ಬೆಳ್ಳಿಯ ಸೊಂಟದ ಡಾಬನ್ನು ತಾನಾಗಿಯೇ ಬಿಚ್ಚಿ ಕೊಟ್ಟಳು. ಅವನು ಕೇಳಿರಲಿಲ್ಲ. ಕೇಳದೆ ಸುಮ್ಮನೆ ಕೂತಿದ್ದನ್ನು ನೋಡಲಾರದೆ ಕೊಟ್ಟಳು.

ಎತ್ತು ಕೊಳ್ಳುವವನ ಹಾಗೆ ಅವನು ಯಂತ್ರವನ್ನು ನೋಡಿದ. ಮುಚ್ಚಳ ಎತ್ತಿ ವೈರುಗಳನ್ನು ಮೂಸಿದ, ಕಾಲುಗಳನ್ನು ತಟ್ಟಿದ, ಗುಂಡನ್ನು ಅಂಗೈಯಲ್ಲಿ ಉರುಳಿಸಿದ. ಊರಿನ ದನದ ಸಂತೆಯಲ್ಲಿ ರೇಟು ಮಾತಾಡುವುದು ಟವೆಲ್ಲಿನ ಕೆಳಗೆ, ಬೆರಳು ಹಿಡಿದು. ಮಾತು ಕುದುರಿದಾಗ ಒಪ್ಪಿದ ರೇಟಿನಷ್ಟು ಕೊಳ್ಳುವವನ ಬೆರಳುಗಳನ್ನು ಅವನದೇ ಅಂಗೈಗೆ ಮಡಿಸಿಬಿಡುತ್ತಾರೆ, ಅಷ್ಟಕ್ಕೆ ಮುಗಿಯಿತು. ಅಕ್ತರನ ಅಜ್ಜ ಚರ್ಮದ ವ್ಯಾಪಾರಿಯಾಗಿದ್ದವನು, ಮೊಮ್ಮಗನಿಗೂ ಅದು ಬರುತ್ತಿತ್ತು. ಇಬ್ಬರೂ ನಕ್ಕು ಟವೆಲ್ಲು ಹೊದ್ದರು. ಪಕ್ಕದಲ್ಲೇ ನಿಂತಿದ್ದ ಜಟ್ಟೆಮ್ಮನಿಗೆ ಕಂಡದ್ದು ಬಟ್ಟೆ ಅಲುಗಿದ್ದು ಮಾತ್ರ.

ಟೆಂಪೋದಲ್ಲಿ ಬರುವಾಗ ಕೇಳಿದಳು, ಎಷ್ಟಕ್ಕಾಯಿತು ಎಂದು.

"ಸರಿಯಾದ ರೇಟು," ಎಂದ. "ಕೈಯಾಗ ಆದ ಮಾತು ಬಾಯಾಗ ಬರಬಾರದು."

ಡಾಬು ಮಾರಿ ಉಳಿದ ಹಣ ರಿಪೇರಿಗೆ ಕರಗಿತು. ಎಷ್ಟು ಉಳಿದಿತ್ತೆಂದು ಅವನು ಹೇಳಲಿಲ್ಲ. ಊರಿಗೆ ಹೋದಾಗಲೆಲ್ಲ ಅವಳ ಬರಿ ಸೊಂಟವನ್ನು ತಾಯಿ ನೋಡುತ್ತಿದ್ದಳು.

*

ಸಾವಿನ ಸುದ್ದಿ ಕೇಳಿ ಅಕ್ತರ್ ಬಂದಾಗ ಸಾಯಬಣ್ಣನನ್ನು ಕೂರಿಸಿಯಾಗಿತ್ತು. ಬಿಸಿನೀರು ಹಾಕಿ ಹಾಕಿ ಕೀಲು ಸಡಿಲಿಸಿದ್ದರು. ಹಣೆಗೆ ವಿಭೂತಿ, ತೊಡೆಯ ಮೇಲೆ ಎರಡೂ ಕೈ, ಕೈಗಳ ಮೇಲೆ ಅವನದೇ ಟವೆಲ್ಲು.

"ಬರ್ರಿ ಸಾಹುಕಾರ್ರ," ಎಂದ ಭೀಮು. "ನಿಮ್ಮ ಮಾಲು ಇನ್ನೂ ಇಲ್ಲೇ ಅದ ನೋಡ್ರಿ. ತಗೊಂಡಾವನೇ ಹೋದ."

ಅಕ್ತರ್ ಹೆಣದ ಮುಂದೆ ಬಗ್ಗಿದ. ಹಾರ ಹಾಕಿ, ಯಂತ್ರದ ಗಾಜನ್ನು ಒಮ್ಮೆ ಸವರಿ ನೋಡಿದ. ಧೂಳಿರಲಿಲ್ಲ.

ಜಟ್ಟೆಮ್ಮ ಎದ್ದು ನಿಂತಳು. ಅಳುತ್ತಿದ್ದ ಹೆಂಗಸರು ಅವಳತ್ತ ತಿರುಗಿದರು.

"ಭಾಯ್, ಇವನಂತೂ ಹೇಳಲಿಲ್ಲ. ನೀವರ ಹೇಳ್ರಿ. ನಮ್ಮವ್ವನ ಡಾಬಿಗಿ ಮೋಸ ಆಗ್ಯಾದೇನು?"

"ಬಾಯಲ್ಲಿ ಹೇಳಲ್ಲ ಅಂತ ಅವನಿಗೆ ಜಬಾನ್ ಕೊಟ್ಟಿದ್ದೀನಮ್ಮಾ." ಅಕ್ತರ್ ಹೆಣದ ಕಡೆ ನೋಡಿದ. "ಅವನಿನ್ನೂ ಇಲ್ಲೇ ಇದ್ದಾನಲ್ಲ. ಅವನ್ನೇ ಕೇಳ್ತೀನಿ."

ಮೊಣಕಾಲೂರಿ ಕೂತು ಟವೆಲ್ಲಿನ ಕೆಳಗೆ ಕೈ ಹಾಕಿದ. ಬಟ್ಟೆ ಅಲುಗಿತು. ನಿಂತಿತು. ಮತ್ತೆ ಅಲುಗಿತು, ಕೆಳಗಿದ್ದ ಇನ್ನೊಂದು ಕೈಯೂ ಚೌಕಾಸಿಗೆ ಇಳಿದಂತೆ. ಬಾಗಿಲಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಸಾಯಬಣ್ಣನ ತಲೆ ಸ್ವಲ್ಪ ವಾಲಿತ್ತು. ಅದು ಮೊದಲೇ ವಾಲಿತ್ತೋ ಈಗ ವಾಲಿತೋ, ಆಮೇಲೆ ಅವರವರಲ್ಲೇ ಒಮ್ಮತ ಬರಲಿಲ್ಲ.

ಅಕ್ತರ್ ಕೈ ತೆಗೆದು, "ಬೆರಳು ಮಡಿಸಿದ್ದೀನಿ," ಎಂದ. "ಅವತ್ತು ಎಷ್ಟೋ ಅಷ್ಟೇ." ಹೊರಗೆ ಹೋಗಿ ಬಿಸಿಲಿನಲ್ಲಿ ನಿಂತ.

ಜಟ್ಟೆಮ್ಮ ಗಂಡನ ಮುಂದೆ ಕೂತಳು. ಟವೆಲ್ಲನ್ನು ಎತ್ತಿಬಿಡಬಹುದಿತ್ತು. ಭೀಮು ಅದಕ್ಕೇ ಕತ್ತು ಚಾಚಿದ್ದ. ಅವಳು ಎತ್ತಲಿಲ್ಲ, ತಾನೂ ಕೈಯನ್ನು ಒಳಗೆ ಹಾಕಿದಳು. ಮಡಿಸಿದ ಬೆರಳುಗಳನ್ನು ತಡವುತ್ತಿರುವಂತೆ ಮೊದಲು ಬಟ್ಟೆ ಅಲುಗಿತು. ಆಮೇಲೆ ಬಹಳ ಹೊತ್ತು ಬಟ್ಟೆ ಅಲುಗಲೇ ಇಲ್ಲ.

"ಎಷ್ಟದ ವೈನಿ?" ಎಂದ ಭೀಮು.

"ಗುಜರಿಯವನಿಗಿ ಬರಬ್ಯಾಡ ಅನ್ನು."

"ಅಲ್ಲ, ಎಷ್ಟದ?"

"ಸರಿಯಾದ ರೇಟು."

ಕೂತವನನ್ನು ಕೂತ ಹಾಗೆಯೇ ಎತ್ತಿಕೊಂಡು ಹೋದರು. ಟವೆಲ್ಲು ಅವನ ಜೊತೆಗೇ ಮಣ್ಣಿಗಿಳಿಯಿತು, ಯಾರೂ ಸರಿಸಲಿಲ್ಲ.

ಸಂಜೆ ಪಕ್ಕದ ಕೋಣೆಯ ಯಮುನಾ ಚಹಾ ತಂದಾಗ ಯಂತ್ರ ಮತ್ತೆ ಗೋಡೆಗೆ ಸೇರಿತ್ತು. ಜಟ್ಟೆಮ್ಮ ಅದರ ಕಾಲಿಗೆ ಒರಗಿ ಕೂತಿದ್ದಳು. ಬಲಗೈ ಸೆರಗಿನೊಳಗಿತ್ತು. ಲೋಟವನ್ನು ಎಡಗೈಯಲ್ಲೇ ತೆಗೆದುಕೊಂಡಳು. ಸೆರಗಿನ ಕೆಳಗೆ ಅವಳು ಎಷ್ಟು ಬೆರಳು ಮಡಿಚಿ ಹಿಡಿದಿದ್ದಳೋ, ಅದು ಡಾಬಿಗೆ ಸಾಟಿಯಾಗುವಷ್ಟಿತ್ತೋ ಇಲ್ಲವೋ, ವಠಾರದವರಿಗೆ ಇವತ್ತಿಗೂ ಗೊತ್ತಿಲ್ಲ.