ಮದುಮಗಳ ನೀರುಪೆಟ್ಟಿಗೆ

ನನ್ನ ಅಕ್ಕ ಲತೋಫತ್‌ಳ ಮಗಳು ಮಫ್ತುನಾ ತನ್ನ ಮದುವೆಗೆ ಗಾಜಿನ ಬೀರು ಬೇಡ ಎಂದ ದಿನ ಅಕ್ಕ ಒಲೆ ಹಚ್ಚಲಿಲ್ಲ. ಬೀರು ಇಲ್ಲದೆ ಮಗಳನ್ನು ಗಂಡನ ಮನೆಗೆ ಕಳಿಸುವುದು ಹೇಗೆ? ಮದುವೆಯ ಮಾರನೆಯ ದಿನ ಆ ಬೀದಿಯ ಹೆಂಗಸರೆಲ್ಲ ಬಂದು ಹೆಣ್ಣು ತಂದ ಸಾಮಾನನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾರೆ. ರಜಾಯಿಗಳನ್ನು ನಾನು ಹೊಲಿದಿಟ್ಟಾಗಿತ್ತು. ಉಳಿದದ್ದು ಬೀರು, ಅದರೊಳಗಿನ ಪಿಂಗಾಣಿ.

“ಬೀರಿನ ಬದಲು ನಂಗೊಂದು ಕಂಪ್ಯೂಟರ್ ಕಟ್ಟಿಸ್ಕೊಡಿ” ಎಂದಳು ಮಫ್ತುನಾ. “ಆಟ ಆಡೋದು. ನೀರಲ್ಲಿ ತಂಪಾಗೋದು.”

“ಅದೇನು ಕಲ್ಲಂಗಡಿನಾ, ಕಾಲುವೇಲಿ ಬಿಟ್ಟು ತಂಪು ಮಾಡೋಕೆ?” ಎಂದು ಅಕ್ಕ ಅತ್ತಳು.

ಮಫ್ತುನಾ ಸುಮ್ಮನೆ ಹಟ ಮಾಡುವ ಹುಡುಗಿಯಲ್ಲ. ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿ ಕೆಲಸ. ಸಂಜೆ ಮನೆಗೆ ಬಂದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಐದು ಜನರ ತಂಡ ಕಟ್ಟಿಕೊಂಡು ಗುಂಡು ಹಾರಿಸುವ ಆಟ ಆಡುತ್ತಿದ್ದಳು. ಅವಳಿಗೆ ಗಂಡು ಸಿಕ್ಕಿದ್ದೂ ಅಲ್ಲೇ. ಆ ತಂಡದಲ್ಲಿ ಒಬ್ಬ ಗೊಗ್ಗರು ದನಿಯವನಿದ್ದ. ಯಾರೋ ಮುದುಕನಿರಬೇಕು ಎಂದುಕೊಂಡು ಇವಳು ಅವನನ್ನು ಬಹಳ ದಿನ ‘ತಾತ’ ಎಂದೇ ಕರೆಯುತ್ತಿದ್ದಳು. ಆಮೇಲೆ ನೋಡಿದರೆ ಅವನು ಅಬ್ರೋರ್, ಮೆಟ್ರೋದಲ್ಲಿ ಸಿಗ್ನಲ್ ಕೆಲಸದ ಹುಡುಗ, ತೆಳ್ಳಗೆ ಎತ್ತರಕ್ಕಿದ್ದ. ಎರಡೂ ಮನೆಯವರು ರೊಟ್ಟಿ ಮುರಿದು ಮಾತು ಗಟ್ಟಿ ಮಾಡಿದೆವು. ಅಂದಿನಿಂದ ಇಬ್ಬರೂ ಪದ್ಧತಿಯಂತೆ ಒಬ್ಬರನ್ನೊಬ್ಬರು ‘ನೀವು’ ಎನ್ನತೊಡಗಿದರು. ಆಟದಲ್ಲಿ ‘ನೀನು ಹೋಗೋ, ನೀನು ಬಾರೇ’ ಎನ್ನುತ್ತಿದ್ದವರಿಗೆ ಅದು ಹೊಸ ಚಪ್ಪಲಿಯಂತೆ ಕಚ್ಚುತ್ತಿತ್ತು.

ಕೊನೆಗೆ ಅಕ್ಕ ಒಪ್ಪಿದಳು. ಎರಡು ಷರತ್ತು ಹಾಕಿದಳು. ಗಂಡಿನ ತಾಯಿ ಹೋಸಿಯತ್‌ಗೆ ಈಗಲೇ ಗೊತ್ತಾಗಬಾರದು. ಮತ್ತೆ ಮದುವೆಗೆ ಮುಂಚೆ ಹುಡುಗ ಹುಡುಗಿ ಇಬ್ಬರೇ ಬಜಾರಿಗೆ ಹೋಗಬಾರದು, ಜೊತೆಗೆ ಹಿರಿಯರೊಬ್ಬರು ಇರಬೇಕು. ಹಿರಿಯರು ಎಂದರೆ ನಾನೇ, ರೋಬಿಯಾ ಚಿಕ್ಕಮ್ಮ.

ಬೇಸಿಗೆಯ ನಟ್ಟನಡುವಿನ ಸುಡು ದಿನಗಳವು. ಕಂಪ್ಯೂಟರ್ ಬಜಾರಿನ ತಗಡಿನ ಮಾಡು ಕಾದು ಕೆಂಡವಾಗಿತ್ತು. ಅಲ್ಲಿ ಗೇನಾ ಪಾಕ್ ಎಂಬ ಕೊರಿಯಾದವನ ಅಂಗಡಿ. ಅವನ ಅಜ್ಜನ ಕಾಲದಿಂದ ತಾಷ್ಕೆಂಟೇ ಅವರ ಊರು. ನನಗಿಂತ ಚೆನ್ನಾಗಿ ಉಜ್ಬೆಕ್ ಬೈಗುಳ ಬಲ್ಲವನು. ನನಗೆ ಕುರ್ಚಿ ಹಾಕಿ, ಫ್ಯಾನನ್ನು ನನ್ನ ಕಡೆ ತಿರುಗಿಸಿ, ಖರಬೂಜ ಹೆಚ್ಚಿ ಮುಂದಿಟ್ಟ. ಒಳ್ಳೆಯ ಮನುಷ್ಯ ಎಂದು ಆಗಲೇ ತೀರ್ಮಾನಿಸಿಬಿಟ್ಟೆ.

“ಗೇನಣ್ಣ, ನೀರು ಕರೆಂಟು ಎರಡನ್ನೂ ಒಂದೇ ಪೆಟ್ಟಿಗೇಲಿ ಇಡೋದು ಯಾವ ಬುದ್ಧಿ?” ಎಂದು ಕೇಳಿದೆ.

“ನಿಮ್ಮ ಯಜಮಾನ್ರ ಕಾರಲ್ಲಿ ಇಲ್ವಾ ಅಕ್ಕ? ಅಲ್ಲಿ ಬೆಂಕಿ, ನೀರು, ಪೆಟ್ರೋಲು, ಜೊತೆಗೆ ನಿಮ್ಮ ಯಜಮಾನ್ರೂ ಇರ್ತಾರೆ” ಎಂದ ಗೇನಾ. “ಇದೂ ಹಾಗೇ. ಒಳಗೆ ಎರಡು ತುಂಡು ಸಿಕ್ಕಾಪಟ್ಟೆ ಕಾಯ್ತವೆ. ಅವುಗಳ ಮೇಲೆ ತಾಮ್ರದ ಬಿಲ್ಲೆ ಕೂರಿಸಿ ಅದರೊಳಗೆ ನೀರು ಓಡಿಸ್ತೀವಿ. ಪಂಪು ನೂಕುತ್ತೆ. ಬಿಸಿಯಾದ ನೀರು ರೇಡಿಯೇಟರ್‌ಗೆ ಹೋಗುತ್ತೆ, ಫ್ಯಾನು ಗಾಳಿ ಹಾಕುತ್ತೆ, ತಣ್ಣಗಾಗಿ ವಾಪಸ್ ಬರುತ್ತೆ. ಅಷ್ಟೇ.”

ಮೊದಮೊದಲು ಎಲ್ಲ ಸಲೀಸಾಗಿ ನಡೆಯಿತು. ಪ್ರೊಸೆಸರ್ ಯಾವುದು, ಚಿತ್ರ ಮೂಡಿಸುವ ಕಾರ್ಡು ಯಾವುದು ಎಂಬುದನ್ನು ಇಬ್ಬರೂ ಮೊದಲೇ ಮಾತಾಡಿಕೊಂಡು ಬಂದಿದ್ದರು. ಆ ಕಾರ್ಡಿಗೆ ಸರಿಯಾಗಿ ಕೂರುವ ತಾಮ್ರದ ಬಿಲ್ಲೆಯನ್ನು ಗೇನಾ ಹುಡುಕಿ ಕೊಟ್ಟ. ಅಬ್ರೋರ್ ಒಂದು ರೇಡಿಯೇಟರ್ ಎತ್ತಿ ತೋರಿಸಿದ. ಮಫ್ತುನಾ ಅದನ್ನು ತಿರುಗಿಸಿ ನೋಡಿ ಕೆಳಗಿಟ್ಟಳು.

“ಇದು ಅಲ್ಯೂಮಿನಿಯಂ. ತಾಮ್ರದ ಜೊತೆ ಒಂದೇ ನೀರಲ್ಲಿ ಇಟ್ರೆ ತುಕ್ಕು ಹಿಡಿಯುತ್ತೆ. ನೀವೇ ಹೇಳಿದ್ರಲ್ಲ ನಂಗೆ.”

“ಹೇಳಿದ್ದೆ” ಎಂದ ಅವನು, ಕಿವಿ ಕೆಂಪಗೆ ಮಾಡಿಕೊಂಡು. “ನಿಮಗೆ ನೆನಪಿದ್ಯಾ ಅಂತ ನೋಡ್ದೆ.”

“ಹೌದೌದು” ಎಂದಳು ಮಫ್ತುನಾ.

ಜಗಳ ಹುಟ್ಟಿದ್ದು ಕೊಳವೆಯ ವಿಷಯಕ್ಕೆ. ಅಬ್ರೋರ್‌ಗೆ ಬೇಕಾಗಿದ್ದು ಗಾಜಿನಂಥ ಗಟ್ಟಿ ಕೊಳವೆ. ಬಿಸಿ ಮಾಡಿ ಚೌಕವಾಗಿ ಬಗ್ಗಿಸಬೇಕು, ಒಳಗೆ ನೀಲಿ ನೀರು, ಸುತ್ತ ಬಣ್ಣಬಣ್ಣದ ದೀಪ. ಮಫ್ತುನಾಗೆ ಬೇಕಾಗಿದ್ದು ಸಾದಾ ಮೆತ್ತನೆಯ ಕಪ್ಪು ಪೈಪು, ಇಟ್ಟಿಗೆಯಷ್ಟು ದಪ್ಪದ ರೇಡಿಯೇಟರ್, ನಿಧಾನಕ್ಕೆ ತಿರುಗುವ ದೊಡ್ಡ ಫ್ಯಾನು.

“ನಾನು ತಗೋತಿರೋದು ಆಡೋಕೆ, ನೋಡೋಕಲ್ಲ” ಎಂದಳು ಅವಳು.

“ನೋಡೋರೂ ಇರ್ತಾರಲ್ಲ.”

“ಯಾರು?”

“ಎಲ್ಲರೂ. ನಮ್ಮ ಬೀದಿಯವರು. ಅಮ್ಮ.” ಅಬ್ರೋರ್ ಕೊಳವೆಯನ್ನು ಕೈಯಲ್ಲಿ ಹೊರಳಿಸುತ್ತ ಹೇಳಿದ. “ಬೀರು ಇರಬೇಕಾದ ಜಾಗದಲ್ಲಿ ಒಂದು ಕಪ್ಪು ಪೆಟ್ಟಿಗೆ ಕಂಡ್ರೆ ಅಮ್ಮ ಏನಂದ್ಕೋತಾರೆ? ಬೀರಿನ ಥರ ಇದೂ ಮಿಂಚಿದ್ರೆ ಬಂದೋರ ಹತ್ರ ಏನಾದ್ರೂ ಹೇಳ್ಕೋಬಹುದು.”

“ಹಾಗಾದ್ರೆ ಇದು ನಂಗಾ, ನಿಮ್ಮಮ್ಮಂಗಾ?”

“ನಾನು ಹಾಗಂದ್ನಾ?”

“ಅಂದಿದ್ದು ಅದೇ. ನೀನು ಯಾವಾಗ್ಲೂ ಹೀಗೇ. ಆಟದಲ್ಲೂ ಬಂದೂಕಿಗೆ ಬಣ್ಣ ಬಳ್ಕೊಂಡು ನಿಂತಿರ್ತೀಯ, ಅಷ್ಟರಲ್ಲಿ ಹಿಂದಿಂದ ಯಾರೋ ಹೊಡೆದು ಹೋಗಿರ್ತಾರೆ.”

“ನೀನೇನು ಕಮ್ಮಿನಾ? ಯಾರ ಮಾತೂ ಕೇಳದೆ ಒಬ್ಬಳೇ ಮುಂದೆ ನುಗ್ಗೋಳು.”

ನಾನು ಖರಬೂಜ ತಿನ್ನುವುದನ್ನು ನಿಲ್ಲಿಸಿದೆ. ‘ನೀವು’ ಬಿದ್ದುಹೋಗಿ ‘ನೀನು’ ಬಂದಿತ್ತು. ಹಿರಿಯಳಾಗಿ ನಾನು ಗದರಬೇಕಾಗಿತ್ತು. ಆದರೆ ಅವರಿಬ್ಬರೂ ಮಾತಾಡುವ ರೀತಿ ಸಹಜವಾಗಿದೆ ಎಂದು ನನಗನ್ನಿಸಿದ್ದು ಅಂದೇ ಮೊದಲು. ಗದರದೆ ಮತ್ತೆ ಖರಬೂಜಕ್ಕೆ ಕೈ ಹಾಕಿದೆ.

ಆಗ ಪಕ್ಕದ ಅಂಗಡಿಯಿಂದ ಒಂದು ದನಿ ಬಂತು. ಟೆಲಿಫೋನ್ ಕಚೇರಿಯಲ್ಲಿ ಜೀವಮಾನವಿಡೀ ದುಡಿದವಳ ದನಿ. ಮೂರು ಗೋಡೆ ದಾಟಿದರೂ ಸ್ಪಷ್ಟವಾಗಿ ಕೇಳುತ್ತದೆ. ಹೋಸಿಯತ್. ಮರುಗಳಿಗೆ ಅವಳೇ ಎದುರಿಗೆ ನಿಂತಿದ್ದಳು. ಕೈಯಲ್ಲಿ ಹೊಸ ಟಿವಿ ರಿಮೋಟ್, ತಲೆಗೆ ಕಟ್ಟಿದ ಹೂವಿನ ಚಿತ್ತಾರದ ಚೌಕ. ಮಗನನ್ನು ನೋಡಿದಳು, ಸೊಸೆಯಾಗುವವಳನ್ನು ನೋಡಿದಳು, ಆಮೇಲೆ ನನ್ನನ್ನು.

“ಅಸ್ಸಲಾಮು ಅಲೈಕುಂ ರೋಬಿಯಾ. ಏನು, ಎಲ್ಲಾ ಇಲ್ಲಿ?”

ಮೇಜಿನ ಮೇಲೆ ಪಂಪು, ಕೊಳವೆ, ನೀರು ತುಂಬುವ ಗಾಜಿನ ಡಬ್ಬಿ. ನನ್ನ ನಾಲಿಗೆ ನನ್ನನ್ನು ಕೇಳದೆಯೇ ಹೊರಟಿತು.

“ಅಕ್ವೇರಿಯಂ ನೋಡ್ತಿದ್ವಿ ಹೋಸಿಯತಕ್ಕ.”

“ಅಕ್ವೇರಿಯಂ” ಎಂದಳು ಅವಳು ಕುರ್ಚಿ ಎಳೆದುಕೊಂಡು. “ಮೀನು ಎಲ್ಲಿ?”

ನಾನು ಗೇನಾನ ಮುಖ ನೋಡಿದೆ. ಗೇನಾ ತಗಡಿನ ಮಾಡು ನೋಡಿದ. “ಮೀನು... ಮೀನು ಬೇರೆ ಕಡೆ ಸಿಗುತ್ತೆ” ಎಂದ.

“ಯಾವ ಜಾತಿ ಮೀನು ಬಿಡ್ತೀರಿ?”

“ಸಣ್ಣವು” ಎಂದೆ ನಾನು. “ತುಂಬಾ ಸಣ್ಣವು.”

ಅಬ್ರೋರ್ ನೆಲ ನೋಡುತ್ತಿದ್ದ. ಮಫ್ತುನಾ ಕೈಯಲ್ಲಿದ್ದ ಪೈಪನ್ನು ಮೇಜಿನ ಮೇಲಿಟ್ಟು, ಎದೆಯ ಮೇಲೆ ಕೈಯಿಟ್ಟು ಬಾಗಿ ನಮಸ್ಕರಿಸಿದಳು.

“ಅಕ್ವೇರಿಯಂ ಅಲ್ಲ ಅತ್ತೆ. ಚಿಕ್ಕಮ್ಮ ನನ್ನ ಉಳಿಸೋಕೆ ಹಾಗಂದ್ರು. ಇದು ಕಂಪ್ಯೂಟರ್. ಗಾಜಿನ ಬೀರು ಬೇಡ, ಇದು ಬೇಕು ಅಂತ ನಾನೇ ಕೇಳಿದ್ದು. ನಾನು ಆಟ ಆಡ್ತೀನಿ. ಮದುವೆ ಆದ್ಮೇಲೂ ಆಡ್ತೀನಿ. ನಿಮಗಿದು ಗೊತ್ತಿರಲಿ ಅಂತ ಹೇಳ್ತಿದೀನಿ.”

ಮದುವೆ ನಿಂತುಹೋದರೆ ಅಕ್ಕನಿಗೆ ಯಾವ ಮುಖ ತೋರಿಸಲಿ ಎಂದು ಯೋಚಿಸಿದೆ. ಹೋಸಿಯತ್ ಪಂಪನ್ನು ಎತ್ತಿ ಕಿವಿಯ ಹತ್ತಿರ ಹಿಡಿದಳು.

“ಸದ್ದು ಮಾಡುತ್ತಾ ಇದು?”

“ನನ್ನ ಪ್ರಕಾರ ಕಟ್ಟಿದ್ರೆ ಮಾಡಲ್ಲ” ಎಂದಳು ಮಫ್ತುನಾ. “ದಪ್ಪ ರೇಡಿಯೇಟರ್ ಹಾಕಿದ್ರೆ ಫ್ಯಾನು ಜೋರಾಗಿ ತಿರುಗೋದೇ ಬೇಡ.”

“ಇವನ ಪ್ರಕಾರ ಕಟ್ಟಿದ್ರೆ?”

ಹೋಸಿಯತ್ ರಿಮೋಟನ್ನು ಮೇಜಿನ ಮೇಲೆ ಇಟ್ಟಳು.

“ಇದು ಯಾಕೆ ತಗೊಂಡೆ ಗೊತ್ತಾ? ಹಳೇದರಲ್ಲಿ ಸೌಂಡ್ ಜಾಸ್ತಿ ಮಾಡೋ ಗುಂಡಿ ಸವೆದುಹೋಗಿದೆ. ಇವನ ರೂಮಲ್ಲಿರೋ ಆ ಹಳೇ ಕಂಪ್ಯೂಟರ್ ಡಬ್ಬ ಶುರುವಾದ್ರೆ ವಿಮಾನ ಹೊರಟ ಹಾಗೆ. ಪಕ್ಕದ ರೂಮಲ್ಲಿ ನಾನು ಟಿವಿ ನೋಡ್ಬೇಕು. ಧಾರಾವಾಹಿಯಲ್ಲಿ ಯಾರು ಸತ್ರು ಯಾರು ಬದುಕಿದ್ರು ಒಂದೂ ಗೊತ್ತಾಗಲ್ಲ. ಬೀರು ಅಂತೆ ಬೀರು. ಮನೇಲಿ ಎರಡಿವೆ, ಒರೆಸೋಳು ನಾನೇ. ಮೂರನೇದು ಬರುತ್ತೆ ಅಂತ ಎದೆ ಒಡ್ಕೊಂಡು ಕೂತಿದ್ದೆ.”

“ಮತ್ತೆ ಬೀದಿಯವರು?” ಎಂದ ಅಬ್ರೋರ್ ಮೆಲ್ಲಗೆ.

“ಬೀದಿಯವರ ವಿಷಯ ನನಗೆ ಬಿಡು. ಹೇಳಮ್ಮ, ಆ ದಪ್ಪದ್ದು ಎಲ್ಲಿದೆ?”

ಗೇನಾ ನಿಟ್ಟುಸಿರು ಬಿಟ್ಟು ಇನ್ನೊಂದು ಖರಬೂಜಕ್ಕೆ ಕತ್ತಿ ಹಾಕಿದ.

ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು, ಮುಗಿಯಲಿಲ್ಲ. ಹೋಸಿಯತ್‌ಗೆ ಆಸೆ ಹತ್ತಿತು. ನೀರು ದಾಳಿಂಬೆ ಬಣ್ಣದ್ದಾಗಿರಲಿ ಎಂದಳು. ಬಣ್ಣದ ನೀರು ಕೆಲವು ತಿಂಗಳಿಗೆ ಗಸಿ ಕಟ್ಟುತ್ತದೆ, ಬಿಲ್ಲೆಯ ಸಣ್ಣ ಸಂದುಗಳಲ್ಲಿ ಕೂರುತ್ತದೆ ಎಂದು ಗೇನಾ ಹೇಳಿದ. “ಹಾಗಾದ್ರೆ ಬೇಡ, ತೊಳೆಯೋ ಕೆಲಸ ನನ್ನ ತಲೆಗೇ ಬರುತ್ತೆ” ಎಂದು ಬಣ್ಣ ಬಿಟ್ಟಳು. ಆದರೆ ಪೈಪು ಪಾರದರ್ಶಕವೇ ಇರಬೇಕು ಎಂದು ಹಟ ಹಿಡಿದಳು. ನೀರು ಓಡುತ್ತದೆ ಎಂದರೆ ಓಡುವುದು ಕಾಣಬೇಕಂತೆ. ಮಫ್ತುನಾ ಯೋಚಿಸಿ, ಮೆತ್ತನೆಯ ಪೈಪು ಇರಲಿ, ಪಾರದರ್ಶಕವೂ ಇರಲಿ ಎಂದಳು. ಅಬ್ರೋರ್ ಒಂದು ದೀಪದ ಪಟ್ಟಿ ಹಿಡಿದುಕೊಂಡು ಹೆಂಡತಿಯಾಗುವವಳ ಮುಖ ನೋಡಿದ.

“ಒಂದು” ಎಂದಳು ಅವಳು. “ಒಂದೇ ಬಣ್ಣ. ಮಿಣಮಿಣ ಅನ್ನಬಾರದು.”

“ಮಿಣಮಿಣ ಅನ್ನಲ್ಲ” ಎಂದ ಅವನು. ಅಷ್ಟಕ್ಕೇ ಮುಖ ಅರಳಿತ್ತು.

ಕೊನೆಗೆ ಅವರು ಮೆಚ್ಚಿ ಬದಿಗಿಟ್ಟಿದ್ದ ಪೆಟ್ಟಿಗೆಯೊಳಗೆ ಗೇನಾ ಆ ದಪ್ಪ ರೇಡಿಯೇಟರನ್ನು ಕೂರಿಸಲು ಹೋದ. ಕೂರಲಿಲ್ಲ. ಫ್ಯಾನು ಹಾಕಿದರೆ ಮದರ್‌ಬೋರ್ಡ್‌ನ ಮೇಲಂಚಿಗೆ ತಾಗುತ್ತಿತ್ತು. ಉಳಿದದ್ದು ಒಂದೇ ಪೆಟ್ಟಿಗೆ, ಸಣ್ಣ ಫ್ರಿಜ್ಜಿನಷ್ಟಿತ್ತು. ಹುಡುಗ ಹುಡುಗಿ ಹಿಂಜರಿದರು. ಹೋಸಿಯತ್ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದಳು.

“ಇದೇ. ನೋಡೋಕೆ ಬಂದೋರಿಗೆ ಬಾಗಿಲಿಂದಲೇ ಕಾಣ್ಬೇಕು.”

ಸಾಮಾನೆಲ್ಲ ಅಕ್ಕನ ಮನೆಗೆ ಬಂತು. ಶುಕ್ರವಾರ ಮಧ್ಯಾಹ್ನ ದ್ರಾಕ್ಷಿ ಚಪ್ಪರದ ಕೆಳಗಿನ ಮಂಚದ ಮೇಲೆ ಮಫ್ತುನಾ ಎಲ್ಲವನ್ನೂ ಜೋಡಿಸಿದಳು. ಕಲ್ಲಂಗಡಿ ಕೊಡಲು ಬಂದೆ ಎಂಬ ನೆಪ ಹೇಳಿ ಅಬ್ರೋರ್ ಬಂದ. ಕಲ್ಲಂಗಡಿಯನ್ನು ಹೆಚ್ಚಿ ತಿಂದದ್ದೂ ಅವನೇ. ಬೇರೆ ಯಾವುದಕ್ಕೂ ಕರೆಂಟು ಕೊಡದೆ ಬರೀ ಪಂಪು ಓಡಿಸಿ, ಎಲ್ಲಾದರೂ ಸೋರುತ್ತದೆಯೇ ಎಂದು ನೋಡಬೇಕಂತೆ. ಪ್ರತಿ ಜೋಡಣೆಯ ಕೆಳಗೂ ಬಿಳಿ ಕಾಗದ ಹಾಸಿದಳು. ನೀರು ಗುಳುಗುಳು ಎಂದು ಪೈಪಿನಲ್ಲಿ ಹತ್ತಿತು, ಗಾಳಿಗುಳ್ಳೆ ಸಾಲುಸಾಲಾಗಿ ಓಡಿದವು. ಬೇಡ ಬೇಡ ಎಂದ ಅಕ್ಕನೇ ಎಲ್ಲರಿಗಿಂತ ಮುಂದೆ ಬಗ್ಗಿ ನೋಡುತ್ತಿದ್ದಳು.

“ಹನಿ” ಎಂದಳು ಅಕ್ಕ ಇದ್ದಕ್ಕಿದ್ದಂತೆ.

ಕಾಗದದ ಮೇಲೆ ಒದ್ದೆ ಕಲೆ. ಮಫ್ತುನಾ ಪಂಪು ನಿಲ್ಲಿಸಿದಳು. ಅವಳ ಮುಖ ಸಪ್ಪಗಾಯಿತು. ಅಬ್ರೋರ್ ಒಂದೊಂದೇ ತಿರುಪನ್ನು ಮುಟ್ಟಿ, ಒಂದೊಂದೇ ಪೈಪನ್ನು ಒರೆಸಿ ನೋಡಿದ. “ನಾನು ಬಿಗಿ ಮಾಡಿದ್ದೇ ಸರಿ ಇಲ್ವೇನೋ” ಎಂದಳು ಅವಳು. “ಇಲ್ಲ, ನೀವು ಮಾಡಿದ್ದು ಸರಿಯಾಗೇ ಇದೆ, ತಡೀರಿ” ಎಂದ ಅವನು. ಸೋರಿಕೆ ಎಲ್ಲೂ ಸಿಗಲಿಲ್ಲ. ನಾನು ಕಾಗದದ ಕಲೆಯನ್ನು ಬೆರಳಿನಿಂದ ಒತ್ತಿ ನಾಲಿಗೆಗೆ ಹಚ್ಚಿಕೊಂಡೆ.

“ಚಿಕ್ಕಮ್ಮ, ಅದನ್ನ ಬಾಯಿಗೆ ಹಾಕ್ತಾರಾ” ಎಂದು ಮಫ್ತುನಾ ನನ್ನ ಕೈ ಹಿಡಿದುಕೊಂಡಳು.

“ಕಲ್ಲಂಗಡಿ” ಎಂದೆ ನಾನು.

ಎಲ್ಲರೂ ಅಬ್ರೋರ್‌ನ ಗದ್ದ ನೋಡಿದೆವು. ರಸ ಇನ್ನೂ ಇಳಿಯುತ್ತಿತ್ತು. ಅಕ್ಕ ತಲೆಯ ಚೌಕದ ತುದಿಯನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಬೀರಿನ ಮಾತು ಬಂದಾಗಿನಿಂದ ಅವಳು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಮಫ್ತುನಾ ಅವನನ್ನು ಮಂಚದಿಂದ ಇಳಿಸಿ ದೂರದ ಮೆಟ್ಟಿಲ ಮೇಲೆ ಕೂರಿಸಿದಳು. ಸಂಜೆಯವರೆಗೆ ನೀರು ಓಡಿತು. ಕಾಗದ ಒಣಗಿಯೇ ಇತ್ತು.

ಮದುವೆ ಚೆನ್ನಾಗಿ ಆಯಿತು. ಮಾರನೆಯ ದಿನ ಗಂಡನ ಮನೆಗೆ ಬೀದಿಯ ಹೆಂಗಸರು ಬಂದರು; ಹೆಣ್ಣಿನ ಕಡೆಯಿಂದ ನಾನೂ ಅಲ್ಲಿದ್ದೆ. ಮಫ್ತುನಾ ಜರಿಯ ಉಡುಪಿನಲ್ಲಿ, ಮುಖದ ಮೇಲೆ ಪರದೆ ಇಳಿಬಿಟ್ಟು, ಒಬ್ಬೊಬ್ಬರಿಗೂ ಬಾಗಿ ಸಲಾಂ ಮಾಡಿದಳು. ಹೆಂಗಸರು ಸಲಾಂ ತೆಗೆದುಕೊಂಡರು, ಪದ್ಧತಿಯ ಉಡುಗೊರೆ ಕೊಟ್ಟರು, ಆಮೇಲೆ ಎಲ್ಲರ ಕಣ್ಣೂ ಮೂಲೆಗೆ ಹೋಯಿತು. ಆ ದೊಡ್ಡ ಪೆಟ್ಟಿಗೆಯ ಗಾಜಿನ ಬದಿಯೊಳಗೆ ನೀರು ಸುತ್ತುತ್ತಿತ್ತು.

“ಇದೇನು ಹೋಸಿಯತ್, ಬೀರು ಎಲ್ಲಿ?” ಎಂದು ಒಬ್ಬ ದಪ್ಪ ಹೆಂಗಸು ಕೇಳಿದಳು.

“ಬೀರು ಯಾರ ಮನೇಲಿಲ್ಲ?” ಎಂದಳು ಹೋಸಿಯತ್ ಕತ್ತು ನೀಳ ಮಾಡಿ. “ಇದು ಇರೋ ಮನೆ ತೋರಿಸು ನೋಡೋಣ. ನನ್ನ ಸೊಸೆ ತಾನೇ ಕಟ್ಟಿದ್ದು, ಒಂದೊಂದು ತಿರುಪೂ.”

“ಇದ್ರಲ್ಲಿ ಏನು ಮಾಡ್ತಾರೆ?”

ಹೋಸಿಯತ್ ಸೊಸೆಯ ಕಡೆ ತಿರುಗಿದಳು. “ತೋರಿಸಮ್ಮ.”

ಮಫ್ತುನಾ ಅತ್ತೆಯ ಮುಖ ನೋಡಿದಳು, ನಿಜವಾಗಿಯೇ ಹೇಳುತ್ತಿದ್ದಾಳೆಂದು ತಿಳಿದು ಪರದೆ ಮೇಲೆತ್ತಿದಳು. ಬಳೆಗಳನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು ಕುರ್ಚಿಯ ಮೇಲೆ ಕೂತಳು. ಆಟ ಶುರುವಾಯಿತು. ಹೆಂಗಸರು ಮೊದಲು ದೂರದಿಂದ ನೋಡಿದರು, ಆಮೇಲೆ ಕುರ್ಚಿಯ ಹಿಂದೆ ಮುತ್ತಿದರು. “ಅಗೋ ಗೋಡೆ ಹಿಂದೆ ಒಬ್ಬ ಇದಾನೆ.” “ನಿಂಗೆ ಕಾಣ್ತಿಲ್ವೇನೇ, ಎಡಗಡೆ, ಎಡಗಡೆ.” “ಸುಮ್ನಿರಿ, ಹುಡುಗೀನ ತಬ್ಬಿಬ್ಬು ಮಾಡ್ಬೇಡಿ.” ಎಲ್ಲರೂ ಒಟ್ಟಿಗೆ ಹೇಳಿಕೊಟ್ಟ ಕಾರಣ ಮಫ್ತುನಾ ಬೇಗನೆ ಸತ್ತಳು. ಆ ದಪ್ಪ ಹೆಂಗಸಿಗೆ ಇದು ಸಹಿಸಲಾಗಲಿಲ್ಲ.

“ಇನ್ನೊಂದ್ಸಲ ಹಾಕು ಮಗಳೇ. ಅವನು ಎಲ್ಲಿಂದ ಬಂದ ಅಂತ ನಾನು ನೋಡಿಟ್ಕೊಂಡಿದೀನಿ.”

ಇನ್ನೊಂದು ಸಲ ಹಾಕಿದಳು. ಅಡುಗೆಮನೆಯಲ್ಲಿ ಮಾಂಸದ ಸಾರು ಕುದಿದು ಕುದಿದು ಅರ್ಧಕ್ಕೆ ಇಳಿಯುತ್ತಿತ್ತು. ಬಡಿಸಬೇಕಾದವರು, ಉಣ್ಣಬೇಕಾದವರು, ಯಾರೂ ಅತ್ತ ತಿರುಗಲಿಲ್ಲ.